ಖಾಲಿ ಬಿಟ್ಟ ಏಳು ಗೆರೆ

ಕಟ್ಟಿನ ಕೊನೆಯ ಉತ್ತರಪತ್ರಿಕೆ ತೆರೆದ ರಾಜಾರಾಮ ಸರ್ ಎರಡನೆಯ ಪುಟದಲ್ಲೇ ನಿಂತರು. ಮೇಲೆ ಲೆಕ್ಕದ ಮೊದಲ ಸಾಲು. ಕೆಳಗೆ ಉತ್ತರ. ನಡುವೆ ಏಳು ಗೆರೆ ಖಾಲಿ.

ಈ ಸಲವೂ ಬಂದಿತ್ತು.

ವಿಶ್ವವಿದ್ಯಾಲಯದ ಮೌಲ್ಯಮಾಪನದ ಹಾಲಿನಲ್ಲಿ ಫ್ಯಾನುಗಳು ಮೇ ತಿಂಗಳ ಬಿಸಿಗಾಳಿಯನ್ನೇ ತಿರುವುತ್ತಿದ್ದವು. ಅಕ್ಕಪಕ್ಕದವರು ತಲೆ ಬಗ್ಗಿಸಿ ಕೆಂಪು ಗೀಚುತ್ತಿದ್ದರು. ಆ ಪತ್ರಿಕೆಯಿಂದೇಳುತ್ತಿದ್ದ ತಂಬಾಕಿನ ವಾಸನೆ ಯಾರಿಗೂ ಬಡಿದಂತೆ ಕಾಣಲಿಲ್ಲ.

ಕರೋಶಿಯ ಕೂಲಿಕಾರರ ಮನೆಯಿಂದ ಬಂದು ಇದೇ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವರು ಅವರು. ನಿಪ್ಪಾಣಿಯ ಕಾಲೇಜಿಗೆ ಮೇಷ್ಟ್ರಾಗಿ ಸೇರಿ ಮೂವತ್ತೆರಡು ವರ್ಷವಾದರೂ ಪ್ರತಿ ಮೇ ತಿಂಗಳು ಇಲ್ಲಿಗೆ ಬರುವುದನ್ನು ತಪ್ಪಿಸಿರಲಿಲ್ಲ. ಕಿಟಕಿ ಪಕ್ಕದ ಬೆಂಚು ಅವರದೇ. ವಿಶ್ವವಿದ್ಯಾಲಯ ನನ್ನ ತವರು ಎಂದು ಸ್ಟಾಫ್‌ರೂಮಿನಲ್ಲಿ ಎದೆಯುಬ್ಬಿಸಿ ಹೇಳುವರು. ತವರಿನ ನಿಯಮ ಒಂದೇ: ಹಂತ ಬರೆಯದವನಿಗೆ ಅಂಕವಿಲ್ಲ. ಹಂತ ಯಾಕೆ ಬರೆದಿಲ್ಲ ಎಂದು ಕೇಳುವ ನಿಯಮ ಯಾವ ತವರಿನಲ್ಲೂ ಇರಲಿಲ್ಲ.

ನಿಪ್ಪಾಣಿಯಲ್ಲಿ ಅವರ ವಿದ್ಯಾರ್ಥಿನಿಯಾಗಿದ್ದ ಫಿರದೋಸ ಬೀಡಿ ಕಟ್ಟುವ ಜುಬೇದಾಳ ಮಗಳು. ಕಾಲೇಜಿಗೆ ಮೊದಲು, ಕಾಲೇಜಿನ ನಂತರ, ತಾಯಿಯ ಪಕ್ಕ ಕೂತು ಎಲೆ ಸುತ್ತುವವಳು. ಎರಡೂ ಕೈ ಎಲೆಯಲ್ಲಿದ್ದರೆ ಪೆನ್ನು ಹಿಡಿಯುವುದು ಯಾವ ಕೈಯಲ್ಲಿ? ಲೆಕ್ಕವೆಲ್ಲ ತಲೆಯಲ್ಲೇ ನಡೆಯುತ್ತಿತ್ತು. ಹಾಳೆಯ ಮೇಲೆ ಮೊದಲ ಸಾಲು ಬರೆದು, ನಡುವೆ ಎಷ್ಟು ಹಂತವಿದೆಯೋ ಅಷ್ಟೇ ಗೆರೆ ಖಾಲಿ ಬಿಟ್ಟು, ಉತ್ತರ ಬರೆಯುವಳು. ಮೂರು ವರ್ಷ ಪಾಠ ಹೇಳಿದ ರಾಜಾರಾಮ ಸರ್ ಅವಳ ನೋಟ್‌ಬುಕ್ಕು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅವಳು ಕೊನೆಯ ಪರೀಕ್ಷೆಯಲ್ಲಿ ನಪಾಸಾದಳು. ಉತ್ತರಪತ್ರಿಕೆಯ ಝೆರಾಕ್ಸ್ ತರಿಸಿಕೊಂಡು ಅವರ ಬಳಿಯೇ ಬಂದಳು. ಪುಟಪುಟಕ್ಕೂ ಉದ್ದ ಗೀಟು, ಸೊನ್ನೆ, ‘ನಕಲು’ ಎಂಬ ಷರಾ.

"ನಾ ಕಾಪಿ ಮಾಡಿಲ್ರಿ ಸರ್. ನಿಮ್ಮ ಮುಂದ ಮಾಡಿ ತೋರಸ್ಲ್ಯಾ?"

ಷರಾದ ಅಕ್ಷರ ತಮ್ಮದೇ ಎಂದು ಅವರಿಗೆ ನೋಡಿದ ಕೂಡಲೇ ತಿಳಿಯಿತು. ಹೆಸರಿಲ್ಲದ, ಬರೀ ನಂಬರಿನ ಪತ್ರಿಕೆ. ಆಗ ಯಾರದೆಂದು ಗೊತ್ತಿರಲಿಲ್ಲ. ಈಗ ಗೊತ್ತಾಗಿತ್ತು. ಆದರೂ ಕಾಗದ ಮಡಚಿ ಕೊಟ್ಟು, "ಅಲ್ಲಿ ಕುಂತಾವ್ರೇನು ದಡ್ಡರೇನವಾ?" ಅಂದರು.

ಮರುವರ್ಷ ಇದೇ ಬೆಂಚಿಗೆ ಅದೇ ಬರಹದ ಪತ್ರಿಕೆ ಬಂತು. ಮತ್ತೆ ಪರೀಕ್ಷೆ ಕಟ್ಟಿರಬೇಕು ಎಂದುಕೊಂಡು ಸೊನ್ನೆಯನ್ನೇ ಹಾಕಿದರು. ಅದರ ಮರುವರ್ಷವೂ ಬಂತು. ಮೂರನೆಯ ಸಲ ತಡೆಯಲಾಗದೆ ಅವಳ ಮನೆಗೇ ಹೋದರು. ಮೊರ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಪರೀಕ್ಷೆ ಬರೆಯುತ್ತಿದ್ದೀಯಾ ಎಂದು ಕೇಳಿದರು.

"ನಾನ್ರಿ? ಹಾಲ್ ಟಿಕೆಟ್ ಅವತ್ತ ಒಲಿಗೆ ಹಾಕೀನ್ರಿ."

ಕಣ್ಣು ಅವರ ಮೇಲಿತ್ತು, ಬೆರಳು ಮಾತ್ರ ತಮ್ಮಷ್ಟಕ್ಕೆ ದಾರ ಸುತ್ತುತ್ತಿದ್ದವು. ಒಳಗಿನಿಂದ ಜುಬೇದಾ ಚಹಾ ಕುಡಿದು ಹೋಗಲು ಹೇಳಿದಳು. ಅವರು ಬೇಡವೆಂದು ತಿರುಗಿದಾಗ ಬೆನ್ನ ಹಿಂದೆ ಫಿರದೋಸಳ ದನಿ ಕೇಳಿತು.

"ಈ ಸಲ ಎಷ್ಟ ಕೊಟ್ರಿ ಸರ್?"

ಆ ಪತ್ರಿಕೆಗಳ ವಿಷಯ ಅವರು ಹೆಂಡತಿಗೂ ಹೇಳಿರಲಿಲ್ಲ. ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದಿದ್ದರು. ಆಮೇಲೂ ಪ್ರತಿ ಮೇನಲ್ಲಿ ಪತ್ರಿಕೆ ಬರುತ್ತಿತ್ತು, ಅವರು ಸೊನ್ನೆ ಹಾಕಿ, ಅಂಕಪಟ್ಟಿಯತ್ತ ನೋಡದೆ ಕಟ್ಟಿನಡಿಗೆ ತಳ್ಳುತ್ತಿದ್ದರು.

ಈ ತಿಂಗಳ ಕೊನೆಗೆ ನಿವೃತ್ತಿ. ಮುಂದಿನ ವರ್ಷ ಈ ಬೆಂಚಿಲ್ಲ, ಈ ಕೆಂಪು ಪೆನ್ನು ಹಾಕಿದ ಅಂಕವನ್ನು ಯಾರೂ ಕೇಳುವುದಿಲ್ಲ. ಕೊಡುವುದಾದರೆ ಇವತ್ತೇ.

ಅವರು ಮೊದಲ ಸಾಲನ್ನು ಓದಿ, ಅದರ ಕೆಳಗೆ ಮೊದಲ ಹಂತ ಬರೆದರು. ಎರಡನೆಯದು. ಮೂರನೆಯದರಲ್ಲಿ ತಾವೇ ತಪ್ಪಿ, ಹೊಡೆದು, ಅದೇ ಗೆರೆಯಲ್ಲಿ ತಿದ್ದಿದರು. ಏಳನೆಯ ಗೆರೆ ತುಂಬಿದಾಗ ಲೆಕ್ಕ ನೇರವಾಗಿ ಅವಳ ಉತ್ತರಕ್ಕೆ ಬಂದು ಸೇರಿತು. ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆವರು ಒರೆಸಿಕೊಂಡು ಪೂರ್ತಿ ಅಂಕ ಹಾಕಿ, ಸಹಿ ಮಾಡಿ, ಅಂಕಪಟ್ಟಿ ಎಳೆದುಕೊಂಡರು. ಪಟ್ಟಿಯ ಇಪ್ಪತ್ತನಾಲ್ಕು ಸಾಲೂ ಆಗಲೇ ತುಂಬಿದ್ದವು, ಅದಕ್ಕೆ ಜಾಗವಿರಲಿಲ್ಲ.

ಕಟ್ಟು ತೆಗೆದುಕೊಂಡು ಗುಮಾಸ್ತ ವಿಶ್ವಾಸನ ಮೇಜಿಗೆ ಹೋದರು. ಬೆಳಿಗ್ಗೆ ಅವನೇ ಎಣಿಸಿ ಕೊಟ್ಟ ಕಟ್ಟು ಅದು. ಅವನು ಬೆರಳಿಗೆ ಎಂಜಲು ಹಚ್ಚಿ ಎಣಿಸಿದ.

"ಇಪ್ಪತ್ನಾಕ ಬರೋಬರಿ ಅದಾವಲ್ರಿ."

"ಇದೊಂದು?" ಸರ್ ಕೊನೆಯ ಪತ್ರಿಕೆಯನ್ನು ಮುಂದೆ ಚಾಚಿದರು.

ವಿಶ್ವಾಸ ಆ ಪತ್ರಿಕೆಯನ್ನು ಹಿಂದೆ ಮುಂದೆ ಮಾಡಿ ನೋಡಿ, ನಗುತ್ತ ಮರಳಿ ಕೊಟ್ಟ.

"ರಫ್ ಹಾಳಿ ಐತ್ರಿ ಇದು. ನಂಬರ ಇಲ್ಲ, ಏನಿಲ್ಲ. ಬರೇ ನಿಮ್ಮ ಕೆಂಪ ಅಕ್ಷರ."

ರಾಜಾರಾಮ ಸರ್ ಬೆಂಚಿಗೆ ಬಂದು ಪುಟ ಬಿಡಿಸಿದರು. ಹಾಳೆಯ ನಟ್ಟನಡುವೆ ಏಳು ಕೆಂಪು ಸಾಲು. ಅದರ ಮೇಲೆ ಅವಳ ಮೊದಲ ಸಾಲಿದ್ದಲ್ಲಿ ಬೆಳ್ಳಗೆ ಒಂದು ಗೆರೆ, ಕೆಳಗೆ ಉತ್ತರವಿದ್ದಲ್ಲಿ ಬೆಳ್ಳಗೆ ಒಂದು ಗೆರೆ. ಕೆಳಗಿನದರ ತುದಿಯಲ್ಲಿ ತಂಬಾಕಿನ ಸಣ್ಣ ಚೂರೊಂದು ಅಂಟಿಕೊಂಡಿತ್ತು. ಅವರು ಊದಿದರು. ಅದು ಅಲುಗಲಿಲ್ಲ.