ಪ್ರಾರ್ಥನೆಯ ಹೊತ್ತಿನ ಜನರೇಟರು

"ಆಫ್ ಮಾಡೇ ಅದನ್ನ! ಶಂಖ ಊದಿದ್ದು ಕೇಳಿಸ್ಲಿಲ್ವಾ?"

ಊರ ಹಿರಿಯ ತೊಂಗಿಯಾ ಪ್ರಾರ್ಥನೆಯ ಬಿಳಿ ಅಂಗಿಯಲ್ಲೇ ಆಸ್ಪತ್ರೆಯ ಹಿತ್ತಲಿಗೆ ನುಗ್ಗಿದ್ದರು. ಸಮೋವಾದ ಆ ಊರಿನಲ್ಲಿ ಸಂಜೆ ಪ್ರಾರ್ಥನೆಯ ಶಂಖ ಊದಿದ ಮೇಲೆ ಸದ್ದು ಮಾಡಿದವರಿಗೆ ದಂಡ; ನಾಯಿ ಬೊಗಳಿದರೂ ಮನೆಯವರು ನಾಚಿಕೊಳ್ಳುತ್ತಾರೆ. ಇಲ್ಲಿ ನೋಡಿದರೆ ಜನರೇಟರಿನ ಆರ್ಭಟ. ಬಿರುಗಾಳಿಗೆ ಹೋಗಿದ್ದ ಕರೆಂಟು ಬಂದು ಬೀದಿದೀಪ ಬೇರೆ ಉರಿಯುತ್ತಿತ್ತು.

ನರ್ಸ್ ತೆಲೇಸಿಯಾ ಜನರೇಟರಿನ ಪಕ್ಕದ ಸ್ವಿಚ್ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಬೈಯುತ್ತಿದ್ದವರು ಅವಳ ಸ್ವಂತ ದೊಡ್ಡಪ್ಪ. ಒಳಗೆ ಲೋಸಾಳ ಎರಡು ವರ್ಷದ ಮಗು ನ್ಯುಮೋನಿಯಾದಿಂದ ಮಲಗಿತ್ತು. ಆಕ್ಸಿಜನ್ ಯಂತ್ರ ನಿಂತರೆ ಅದರ ತುಟಿ ನೀಲಿಯಾಗುತ್ತಿತ್ತು. ಇದ್ದ ಒಂದು ಸಿಲಿಂಡರು ಬೆಳಿಗ್ಗೆಯೇ ಖಾಲಿ.

"ದೊಡ್ಡಪ್ಪ, ಈ ಪೆಟ್ಟಿಗೆ ತಾನಾಗೇ ಜನರೇಟರಿಂದ ಕರೆಂಟಿಗೆ ಬದಲಾಯಿಸುತ್ತೆ. ಕರೆಂಟು ಅರ್ಧ ಗಂಟೆ ಒಂದೇ ಸಮ ಇರ್ಬೇಕು ಅಷ್ಟೆ. ಮಧ್ಯೆ ಹೋದ್ರೆ ಮತ್ತೆ ಮೊದಲಿಂದ ಎಣಿಸುತ್ತೆ."

"ಇಡೀ ಊರು ನನ್ನ ಮಾತು ಕೇಳುತ್ತೆ. ನಿನ್ನ ಪೆಟ್ಟಿಗೆಗೇನೇ ಅಷ್ಟು ಕೊಬ್ಬು?"

ಕೈಯಿಂದ ನಿಲ್ಲಿಸಿದ ಜನರೇಟರು, ಕರೆಂಟು ಮತ್ತೆ ಹೋದರೆ ತಾನಾಗಿ ಶುರುವಾಗುವುದಿಲ್ಲ. ಇದು ತೆಲೇಸಿಯಾಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳ ಕೈ ಕೆಂಪು ಗುಂಡಿಯ ಕಡೆ ಹೋಯಿತು. ದೊಡ್ಡಪ್ಪನಿಗೆ ಇಲ್ಲ ಎನ್ನುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಮುಟ್ಟಿದ್ರೆ ನೋಡು!" ಬಾಗಿಲಲ್ಲಿ ಲೋಸಾ ನಿಂತಿದ್ದಳು. "ದಂಡ ತಾನೇ? ನಮ್ಮನೆ ಹಂದಿ ಹಿಡ್ಕೊಂಡ್ ಹೋಗಿ. ಗುಂಡಿ ಮಾತ್ರ ಮುಟ್ಬೇಡಿ."

ತೊಂಗಿಯಾ ಬಾಯಿ ತೆರೆಯುವಷ್ಟರಲ್ಲಿ ಬೀದಿದೀಪ ಆರಿತು. ಇಗರ್ಜಿ, ಮನೆಗಳು, ಎಲ್ಲ ಕತ್ತಲು. ಆಸ್ಪತ್ರೆಯಲ್ಲಿ ಮಾತ್ರ ಬೆಳಕಿತ್ತು. ತೆಲೇಸಿಯಾ ಗುಂಡಿಯ ಮೇಲಿಂದ ಕೈ ತೆಗೆದಳು. ಆ ಕೈಯ ಮೇಲೆ ಅವಳಿಗೇ ಅಸಹ್ಯವಾಯಿತು.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಪೆಟ್ಟಿಗೆ ಮತ್ತೆ ಮೂವತ್ತರಿಂದ ಎಣಿಸತೊಡಗಿತು. ತೊಂಗಿಯಾ ಪ್ರಾರ್ಥನೆಗೂ ಹೋಗಲಿಲ್ಲ, ಕೂರಲೂ ಇಲ್ಲ. ಅತ್ತಿಂದಿತ್ತ ಓಡಾಡುತ್ತ ಗಳಿಗೆಗೊಮ್ಮೆ ಅಂಕಿ ನೋಡಿದರು. ಒಮ್ಮೆ ಬೀದಿದೀಪ ಮಂಕಾದಾಗ ಪೆಟ್ಟಿಗೆಯ ಹತ್ತಿರ ಓಡಿಬಂದರು.

ಕೊನೆಗೆ ಪೆಟ್ಟಿಗೆಯೊಳಗೆ ಟಕ್ ಎಂದಿತು. ಆಸ್ಪತ್ರೆಯ ದೀಪ ಒಂದು ಸಲ ಮಿಟುಕಿ ಮತ್ತೆ ಸ್ಥಿರವಾಗಿ ಉರಿಯಿತು. ಆದರೂ ಜನರೇಟರು ಓಡುತ್ತಲೇ ಇತ್ತು.

"ಇದಿನ್ನೂ ಯಾಕೆ ಕೂಗ್ತಿದೆ?"

"ಆಸ್ಪತ್ರೆ ಕರೆಂಟಿಗೆ ಬದಲಾಯ್ತು, ಇದರ ಹೊರೆ ಇಳಿದಿದೆ ದೊಡ್ಡಪ್ಪ. ಐದು ನಿಮಿಷ ಬರಿದೇ ಓಡಿ ತಣ್ಣಗಾಗ್ಬೇಕು."

"ಆಗ್ಲಿ, ಆಗ್ಲಿ. ಅವಸರ ಇಲ್ಲ."

ಐದು ನಿಮಿಷಕ್ಕೆ ಸದ್ದು ನಿಂತಿತು. ತೊಂಗಿಯಾ ಒಳಗೆ ಹೋಗಿ ಮಂಚದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ತಪ್ಪಿಹೋದ ಪ್ರಾರ್ಥನೆಯನ್ನು ಹೇಳಲು ಬಾಯಿ ತೆರೆದವರು, ನಿದ್ದೆಹೋಗಿದ್ದ ಮಗುವಿನ ಮುಖ ನೋಡಿ ಬರಿಯ ತುಟಿಯಲ್ಲೇ ಹೇಳಿಕೊಂಡರು.