ಹಸಿರು ಸೀರೆಯ ಸಾಕ್ಷಿ

ವಸಂತಲಕ್ಷ್ಮಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವ ಯೋಗ ತನ್ನ ಹಣೆಯಲ್ಲಿ ಬರೆದಿಲ್ಲ ಎಂದು ಮೈಸೂರಿನಲ್ಲಿದ್ದಾಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಗಂಡನ ಜೊತೆ ಕಡಲಾಚೆಯ ಬೆಲ್‌ವ್ಯೂಗೆ ಬಂದು, ಕ್ರಾಸ್‌ರೋಡ್ಸ್ ಬಡಾವಣೆಯ ಮನೆಯಲ್ಲೇ ಡೇಕೇರ್ ತೆರೆದ ಮೇಲೆ ಆ ಯೋಗ ಚಕ್ರಪಾಣಿಯ ರೂಪದಲ್ಲಿ ಬಾಗಿಲು ತಟ್ಟಿತು. ಅವನ ಮಗಳು ಅಕ್ಷಯಾಳನ್ನು ಅಂಬೆಗಾಲಿಡುವ ಕಾಲದಿಂದ ಎತ್ತಿ ಆಡಿಸಿದವಳು ಇವಳೇ. "ಇನ್ಮೇಲೆ ನಾನೇ ನಿಮ್ಮ ತವರು ಅಂದ್ಕೊಳಿ ಅಕ್ಕಾ" ಎಂದು ಅವನು ಮೊದಲ ಸಲ ಮೊರದ ಬಾಗಿನ, ಸೀರೆ ಹಿಡಿದು ಬಂದ ದಿನ ಅಡುಗೆಮನೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಸೆರಗೊಡ್ಡಿದ್ದಳು. ಆಮೇಲೆ ಅವನು ಒಂದು ವರ್ಷವೂ ತಪ್ಪಿಸಲಿಲ್ಲ.

ಚಕ್ರಪಾಣಿ ದೊಡ್ಡ ಕುಳ. ಸಿರಿವಂತರೇ ಇರುವ ಮರ್ಸರ್ ಐಲ್ಯಾಂಡ್‌ನಲ್ಲಿ ಮನೆ, ಸ್ವಂತದ್ದೊಂದು ಸಾಫ್ಟ್‌ವೇರ್ ಕಂಪನಿ, ಸಾಲದ್ದಕ್ಕೆ ಉದ್ಯಮಿಗಳ ಒಕ್ಕೂಟದಲ್ಲಿ ಒಂದು ಕುರ್ಚಿ. ಮಾತೋ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಬಂದು, ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಮಡಚಿ ಕುಳಿತ.

"ಅಕ್ಕಾ, ನೀವು ಒಲಿಂಪಿಯಾಗೆ, ಶಾಸನಸಭೆಗೆ ಬರ್ಬೇಕು. ಫೆಡರಲ್ ಸರ್ಕಾರ ಕಂಪನಿಗಳಿಗೆ ಟ್ಯಾಕ್ಸಲ್ಲಿ ರಿಯಾಯಿತಿ ಕೊಟ್ಟಿದೆ. ನಮ್ಮ ಸ್ಟೇಟೂ ಅದನ್ನ ಹಾಗೇ ಒಪ್ಕೋಬೇಕು ಅಂತ ಒಂದು ಬಿಲ್ ಇದೆ. ಕಮಿಟಿ ಮುಂದೆ ಎರಡೇ ನಿಮಿಷ ಮಾತಾಡಿದ್ರೆ ಸಾಕು."

"ನಾನಾ? ನಂದ್ಯಾವ ಕಂಪನೀನೋ? ಮಕ್ಕಳಿಗೆ ಅನ್ನ ಸಾರು ಕಲಸಿ ತಿನ್ಸೋಳು ನಾನು."

"ಅದೂ ಬಿಸಿನೆಸ್ಸೇ ಅಕ್ಕಾ. ನಾವು ಹೋಗಿ ಕೇಳಿದ್ರೆ ದುರಾಸೆ ಅಂತಾರೆ. ನಿಮ್ಮಂಥೋರು ಕೇಳಿದ್ರೆ ಕಿವಿಗೊಟ್ಟು ಕೇಳ್ತಾರೆ."

"ಇದ್ರಿಂದ ನನ್ನ ಮಕ್ಕಳಿಗೆ ಏನೂ ತೊಂದ್ರೆ ಆಗಲ್ಲ ತಾನೇ?" ಡೇಕೇರಿನ ಮಕ್ಕಳನ್ನು ಅವಳು ನನ್ನ ಮಕ್ಕಳು ಎಂದೇ ಹೇಳುವುದು.

"ತವರಿನೋರು ತೊಂದ್ರೆ ಮಾಡ್ತಾರಾ?" ಎಂದು ಅವನು ನಕ್ಕ.

ಇಷ್ಟು ಕೇಳಿದ ಮೇಲೆ ಯಾವ ಅಕ್ಕ ಒಲ್ಲೆ ಎಂದಾಳು? ಹಿಂದಿನ ಹಬ್ಬಕ್ಕೆ ಅವನೇ ಕೊಟ್ಟ ಹಸಿರು ರೇಷ್ಮೆ ಸೀರೆ ಉಟ್ಟು, ಮೇಲೊಂದು ದಪ್ಪ ಜಾಕೆಟ್ ಹಾಕಿಕೊಂಡು ಅವನ ಕಾರು ಹತ್ತಿದಳು. ಅಲ್ಲಿ ಮಾತಾಡುವುದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರಂತೆ. ಸಾಕ್ಷಿ ಎನ್ನುವುದು ಕೋರ್ಟಿನ ಮಾತಲ್ಲವೇ ಎಂದು ಅವಳಿಗೆ ದಾರಿಯುದ್ದಕ್ಕೂ ಪುಕುಪುಕು. ಅವನು ಹೇಳಿಕೊಟ್ಟಿದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದಳು: ನಾನು ಮಕ್ಕಳನ್ನು ನೋಡಿಕೊಳ್ಳುವವಳು, ಈ ಬಿಲ್ ಪಾಸಾದರೆ ನನ್ನಂಥ ಸಣ್ಣವರಿಗೆ ಒಳ್ಳೆಯದಾಗುತ್ತದೆ. ಕಮಿಟಿಯವರು ಮುಗುಳ್ನಕ್ಕರು. ಹೊರಗೆ ಬಂದಾಗ ಒಕ್ಕೂಟದವರು ಕೈಕುಲುಕಿದರು, ಯಾರೋ ಸೀರೆಯನ್ನೂ ಹೊಗಳಿದರು. ನಿಜ ಹೇಳಬೇಕೆಂದರೆ ಆ ದಿನ ಅವಳು ಉಬ್ಬಿ ಹೋಗಿದ್ದಳು.

ಬಿಲ್ ಪಾಸಾಯಿತು. ಬೇಸಿಗೆ ಬರುವಷ್ಟರಲ್ಲಿ ರಾಜ್ಯದ ಬೊಕ್ಕಸದಲ್ಲಿ ತೂತು ಕಾಣಿಸಿತು. ಅದನ್ನು ಮುಚ್ಚಲು ಮೊದಲು ಕೈಹಾಕಿದ್ದು ಕಡಿಮೆ ಸಂಬಳದವರ ಮಕ್ಕಳ ಡೇಕೇರಿಗೆ ಸರ್ಕಾರ ಕೊಡುತ್ತಿದ್ದ ನೆರವಿಗೆ. ವಸಂತಲಕ್ಷ್ಮಿಯ ಬಳಿ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ಆ ನೆರವಿನ ಮೇಲೆಯೇ ಬರುತ್ತಿದ್ದರು. ಹೀಗೇಕಾಯಿತೆಂದು ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವಳು ರೀನಾ.

ರೀನಾ ಮಂಗಳೂರಿನವಳು. ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಉಣ್ಣಿಸುವ ಕೆಲಸ. ಮೂರು ವರ್ಷದ ಮಗ ಜೋಸ್ವಿನ್‌ನನ್ನು ಒಬ್ಬಳೇ ಬೆಳೆಸುತ್ತಿದ್ದಳು. ಆ ಸಂಜೆ ಮಗನನ್ನು ಕರೆದೊಯ್ಯಲು ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಅಕ್ಕಾ, ನಾನು ನಮ್ಮ ಶಾಸಕರ ಆಫೀಸಿಗೆ ಹೋಗಿದ್ದೆ. ಡೇಕೇರಿನ ಸಹಾಯ ಯಾಕೆ ತೆಗೆದದ್ದು ಅಂತ ಕೇಳ್ಲಿಕ್ಕೆ. ಕಂಪನಿಗಳಿಗೆ ಟ್ಯಾಕ್ಸ್ ಬಿಟ್ಟುಕೊಟ್ಟ ಬಿಲ್ಲಿಂದ ದುಡ್ಡು ಕಡಿಮೆ ಆಯ್ತಂತೆ, ಡೇಕೇರ್ ನಡೆಸುವವರೇ ಬಂದು ಆ ಬಿಲ್ ಬೇಕು ಅಂತ ಹೇಳಿದ್ದಾರಲ್ಲ ಅಂದ್ರು. ವಿಡಿಯೋ ಸಹ ತೋರಿಸಿದ್ರು."

"ಯಾರಂತೆ?"

"ಹಸಿರು ಸೀರೆ ಉಟ್ಟಿದ್ರು," ಎಂದು ರೀನಾ ತಲೆ ತಗ್ಗಿಸಿದಳು. "ನೀವು ಗೊತ್ತಿದ್ದು ಹೇಳಿದ್ದಾ ಅಕ್ಕಾ, ಗೊತ್ತಿಲ್ಲದೆ ಹೇಳಿದ್ದಾ? ಅಷ್ಟು ಹೇಳಿ, ಸಾಕು."

"ನನ್ನಾಣೆ ಗೊತ್ತಿರ್ಲಿಲ್ಲ ಕಣೇ" ಎಂದಳು ವಸಂತಲಕ್ಷ್ಮಿ. ರೀನಾ ನಂಬಿದಳೋ ಬಿಟ್ಟಳೋ, ತಲೆಯಾಡಿಸಿ ಮಗನನ್ನು ಎತ್ತಿಕೊಂಡು ಹೊರಟಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮುಂದಿನ ವಾರದಿಂದ ಜೋಸ್ವಿನ್ ದೂರದ ಡುವಾಲ್‌ನಲ್ಲಿದ್ದ ರೀನಾಳ ಚಿಕ್ಕಮ್ಮನ ಮನೆ ಸೇರಿದ. ರಜೆ ಸಿಕ್ಕ ದಿನ ಮಾತ್ರ ತಾಯಿ ಹೋಗಿ ಮಗನ ಮುಖ ನೋಡಿ ಬರಬೇಕು. ನೆರವಿನ ಮೇಲೆ ಬರುತ್ತಿದ್ದ ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಹೋದರು.

ಚಕ್ರಪಾಣಿಗೆ ಕಾಲ್ ಮಾಡು ಎಂದು ಗಂಡ ಹೇಳಿದ್ದೇ ಹೇಳಿದ್ದು. ಅವಳು ಮಾಡಲಿಲ್ಲ. ಪಾಪ, ಅವನಿಗೂ ಗೊತ್ತಿದ್ದಿರಲಿಕ್ಕಿಲ್ಲ, ದೊಡ್ಡವರು ಅವನನ್ನೂ ಯಾಮಾರಿಸಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಈ ವಯಸ್ಸಿನಲ್ಲಿ ಸಿಕ್ಕ ತವರು. ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ ಅದನ್ನು ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಗೌರಿ ಹಬ್ಬ ಬಂತು. ಚಕ್ರಪಾಣಿ ಎಂದಿನಂತೆ ರೇಷ್ಮೆ ಪಂಚೆಯುಟ್ಟು, ಬಾಗಿನ ಹಿಡಿದು, ಮಗಳ ಜೊತೆ ಬಂದ. ಅಕ್ಷಯಾ ಒಳಗೆಲ್ಲ ಓಡಾಡಿ ಬಂದು, "ಅತ್ತೇ, ವೇರ್ ಈಸ್ ಜೋಸ್ವಿನ್?" ಎಂದಳು. ವಸಂತಲಕ್ಷ್ಮಿ ಅವಳ ಕೈಗೆ ಕೋಡುಬಳೆ ಕೊಟ್ಟು ಹಿತ್ತಲಿಗೆ ಕಳಿಸಿದಳು. ಆಮೇಲೆ ಕೇಳಿದಳು.

"ಡೇಕೇರಿನ ದುಡ್ಡಿಗೆ ಕತ್ತರಿ ಬೀಳತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಎಲ್ಲಾದ್ರೂ ಒಂದ್ಕಡೆ ಕಟ್ ಆಗ್ಲೇಬೇಕಿತ್ತು ಅಕ್ಕಾ..."

"ಅದಲ್ಲ ನಾನು ಕೇಳಿದ್ದು. ನನ್ನನ್ನ ಕಾರಲ್ಲಿ ಕೂರಿಸ್ಕೊಂಡು ಹೋದ ದಿನ ಗೊತ್ತಿತ್ತಾ?"

ಇಲ್ಲ ಎಂದು ಅವನು ಸುಳ್ಳು ಹೇಳಿದ್ದರೂ ಅವಳು ನಂಬಿಬಿಡುತ್ತಿದ್ದಳೇನೋ. ಅಷ್ಟು ಆಸೆಯಿಂದ ಅವನ ಮುಖ ನೋಡುತ್ತಿದ್ದಳು. ಅವನು ಬಾಗಿನವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಡೇಕೇರ್ ಫಂಡ್ ಹೋಗತ್ತೆ ಅಂತ ಬಿಲ್ ಬೇಡ ಅನ್ನೋರು ಗಲಾಟೆ ಮಾಡೋರಿದ್ರು. ಡೇಕೇರಿನವರೇ ಒಬ್ರು ಬಂದು ಬೇಕು ಅಂದ್ರೆ ಅವ್ರ ಬಾಯಿ ಮುಚ್ಚತ್ತೆ ಅಂತ ಒಕ್ಕೂಟದೋರು ಅಂದ್ರು. ನಂಗೆ ಗೊತ್ತಿದ್ದೋರು ನೀವೊಬ್ರೇ ಅಲ್ವಾ ಅಕ್ಕಾ. ಪರ್ಸನಲ್ ಆಗಿ ತಗೋಬೇಡಿ."

ಗೊತ್ತಿದ್ದೂ ಸುಮ್ಮನಿದ್ದನೆಂದಷ್ಟೇ ಅಲ್ಲ, ಇವಳು ಮಕ್ಕಳನ್ನು ಸಾಕುವವಳು ಎಂಬ ಕಾರಣಕ್ಕೇ, ಆ ಮಕ್ಕಳ ಬಾಯಿಯ ತುತ್ತು ಕಿತ್ತುಕೊಳ್ಳಲು ಇವಳನ್ನೇ ಹುಡುಕಿ ಕರೆದೊಯ್ದಿದ್ದ. ಅದೂ ಅಕ್ಕಾ ಎಂದು ಕರೆಯುತ್ತ.

ಅವಳು ಒಳಗೆ ಹೋದಳು. ಈ ಸಲ ಅಳಲಿಲ್ಲ. ಹಸಿರು ಸೀರೆಯನ್ನು ಮಡಿಕೆ ಸರಿಮಾಡಿ ತಂದು, ಅವನು ಹಿಡಿದಿದ್ದ ಮೊರದ ಮೇಲೆ ಇಟ್ಟಳು. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಿದ್ದಳು.

ಚಕ್ರಪಾಣಿಯ ಮುಖ ಕಪ್ಪಿಟ್ಟಿತು. "ಹಬ್ಬದ ದಿನ ಇದೇನಕ್ಕಾ? ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ತಗೊಳ್ತಾರಾ?"

"ತಗೊಳ್ತಾರಪ್ಪ," ಎಂದಳು ವಸಂತಲಕ್ಷ್ಮಿ. "ಜೋಸ್ವಿನ್ ಹತ್ರ ತಗೊಂಡ್ರಲ್ಲ."

ಆಮೇಲೆ ಹಿತ್ತಲ ಬಾಗಿಲಿಗೆ ಹೋಗಿ, ನಿಮ್ಮಪ್ಪ ಹೊರಟಿದ್ದಾರೆ ಬಾ ಎಂದು ಅಕ್ಷಯಾಳನ್ನು ಕರೆದಳು.