ಒಂದು ಬೆಡ್‌ಶೀಟಿಗೆ ಒಂದು ಮಾತು

ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವಿನಿಂದ ಹೊರಬಂದ ಬೆಡ್‌ಶೀಟಿನ ಎರಡು ಮೂಲೆ ಐಲಾಳ ಕೈಗೆ, ಎರಡು ಸೈಮಿಯ ಕೈಗೆ. ಎಳೆದು, ಕೊಡವಿ, ಇಬ್ಬರೂ ಎದುರುಬದುರಾಗಿ ನಡೆದು ಬಂದರು. ಮೂಲೆಗಳು ಕೂಡಿದಾಗ ಸೈಮಿ ಕೇಳಿದಳು:

“ನರ್ಸಮ್ಮ ಏನಂದ್ಳು?”

ಮುಂದಿನ ಬೆಡ್‌ಶೀಟಿಗೆ ಐಲಾ ಉತ್ತರ ಕೊಟ್ಟಳು. “ಮೇಲಿನ ಹೊಲಿಗೆ ಕೋಣೆಗೆ ಹೋಗ್ಬೇಕಂತೆ. ಕೂತು ಮಾಡೋ ಕೆಲಸ.”

ಅದರ ಮುಂದಿನದಕ್ಕೆ ಸೈಮಿ, “ಮುದುಕೀರ ಕೋಣೆ! ಹೋಗ್ಬೇಡ ಕಣೇ” ಎಂದಳು.

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಯಂತ್ರಗಳ ಮೊರೆತಕ್ಕೆ ಮಾತು ಕೇಳಿಸುತ್ತಿದ್ದುದು ಹೀಗೆ ಹತ್ತಿರ ಬಂದಾಗ ಮಾತ್ರ. ಸೈಮಿಗೆ ಮದುವೆ ಗೊತ್ತಾದ ಸುದ್ದಿ ಮುಗಿಯಲು ಒಂದು ಬೆಳಗು ಹಿಡಿದಿತ್ತು. ಐಲಾಳ ಗಂಡ ಬಿಟ್ಟುಹೋದಾಗ ಇಬ್ಬರೂ ದಿನವಿಡೀ ಸುಮ್ಮನೆ ಮಡಿಸಿದ್ದರು. ಆಗೆಲ್ಲ ಹತ್ತು ಗಂಟೆಗೆ ಹೆಲ್ಸಿಂಕಿಯ ರೇಡಿಯೋದಲ್ಲಿ ವ್ಯಾಯಾಮ ಬರುತ್ತಿತ್ತು. ಯಂತ್ರ ನಿಲ್ಲಿಸಿ, ಬಿಳಿ ತಲೆವಸ್ತ್ರದ ಹೆಂಗಸರೆಲ್ಲ ಹಬೆಯ ನಡುವೆ ಕೈ ಬೀಸುತ್ತಿದ್ದರು. “ಮೇಲೆ, ಇನ್ನೂ ಮೇಲೆ!” ಎಂದು ಸೈಮಿ ರೇಡಿಯೋದವನ ದನಿಯನ್ನು ಅಣಕಿಸಿದರೆ ನಗುವಿನಲ್ಲಿ ಯಾರ ಕೈಯೂ ಮೇಲೇಳುತ್ತಿರಲಿಲ್ಲ.

ಈಗ ರೇಡಿಯೋ ಇಲ್ಲ, ಕಾರ್ಖಾನೆಯ ನರ್ಸು ಕಾಟ್ಯಾ ಇದ್ದಾಳೆ. ಯಾರೂ ಮೈ ಕೆಟ್ಟು ಅರ್ಧದಲ್ಲಿ ಕೆಲಸ ಬಿಡಬಾರದು, ಆಗುವಂಥ ಕೆಲಸ ಹುಡುಕಿಕೊಡಬೇಕು ಎಂಬುದು ಅವಳ ಯೋಜನೆ. “ನಿಮ್ಮ ಭುಜ ಸವೆದಿದೆ ಐಲಾ. ನಿಮ್ಮ ಜಾಗಕ್ಕೆ ಆ ಗಟ್ಟಿಮುಟ್ಟಾದ ಹುಡುಗಿ ಮರಿತ್ತಾ ಬರ್ತಾಳೆ. ಒಪ್ಪಿಗೆಯೋ ಅಲ್ವೋ ಸೋಮವಾರ ಹೇಳಿ” ಎಂದಿದ್ದಳು. ಐಲಾಳಿಗೆ ಇಷ್ಟವಿರಲಿಲ್ಲ. ಹೊಲಿಗೆ ಕೋಣೆಯಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿ ಕೂರುತ್ತಾರೆ.

ಶುಕ್ರವಾರ ಮಧ್ಯಾಹ್ನ ಕೆಲಸಗಾರರ ಮೈಮನಸ್ಸು ಹಗುರಾಗಲೆಂದು ಕಾರ್ಖಾನೆಯವರು ವರ್ಷಕ್ಕೊಮ್ಮೆ ಕೊಡುವ ಬಿಡುವು. ಕಾಡಿನಲ್ಲಿ ನಡೆದದ್ದಾಯಿತು, ಬೆಂಕಿಯಲ್ಲಿ ಸುಟ್ಟ ಸಾಸೇಜು ತಿಂದದ್ದಾಯಿತು. ಕೊನೆಗೆ ಕೆರೆದಂಡೆಯ ಸೌನಾದಲ್ಲಿ ಹಬೆಸ್ನಾನ. ಉಳಿದವರು ನೀರಿಗಿಳಿದ ಮೇಲೆ ಬಿಸಿಕೋಣೆಯ ಹಲಗೆಯ ಮೇಲೆ ಇವರಿಬ್ಬರೇ ಉಳಿದರು.

“ಕೈ ಎತ್ತೇ, ಪಕ್ಕೆ ಉಜ್ತೀನಿ,” ಎಂದಳು ಐಲಾ.

ಸೈಮಿಯ ಬಲಗೈ ಎದೆಮಟ್ಟಕ್ಕೆ ಬಂದು ನಿಂತಿತು.

“ಮೊನ್ನೆ ಆಲೂಗಡ್ಡೆ ಅಗೆದೆ, ಅದಕ್ಕೆ.”

“ಮೂರನೇ ಮಹಡಿ ಮನೇಲಿ ಆಲೂಗಡ್ಡೆ ಎಲ್ಲಿ ಅಗೆದ್ಯೇ?”

“ತಂಗಿ ಹೊಲದಲ್ಲಿ. ಪೊಲೀಸ್ನೋರ ಥರ ಕೇಳ್ಬೇಡ, ಉಜ್ಜು.”

ಭುಜ ಊದಿಕೊಂಡಿತ್ತು. ಮುಲಾಮು ಹಚ್ಚಿ ಹಚ್ಚಿ ಚರ್ಮ ಕೆಂಪಾಗಿತ್ತು. ಐಲಾಳ ಕೈ ಸೋಪಿನೊಂದಿಗೆ ಅಲ್ಲೇ ನಿಂತಿತು. ತನ್ನ ಭುಜ ನೋಯತೊಡಗಿದಂದಿನಿಂದ ಒದ್ದೆ ಬಟ್ಟೆಯ ಗಾಡಿಯನ್ನು ತಾನು ಎಳೆದೇ ಇಲ್ಲ. “ನೀನು ಮಡಿಸು, ಗಾಡಿ ನಾನು ತರ್ತೀನಿ” ಎಂದು ಸೈಮಿ ಪ್ರತಿಸಲವೂ ಮುಂದೆ ಓಡುತ್ತಿದ್ದಳು. ಅದು ಅವಳ ಹುರುಪು ಎಂದುಕೊಂಡಿದ್ದಳು ಐಲಾ.

“ನರ್ಸಮ್ಮನಿಗೆ ತೋರಿಸಿದ್ಯಾ?”

“ತೋರಿಸಿದ್ರೆ ನನ್ನೂ ಎತ್ತಿ ಇನ್ನೆಲ್ಲೋ ಕೂರಿಸ್ತಾಳೆ. ಇಬ್ರೂ ಒಟ್ಟಿಗಿದ್ರೆ ಹೇಗೋ ನಡೀತದೆ.” ಸೈಮಿ ತಿರುಗಿ ನೋಡಿದಳು. “ಸೋಮವಾರ ಆಗಲ್ಲ ಅಂತ ಹೇಳ್ತೀಯ ತಾನೇ?”

ಐಲಾ ಸೌಟಿನಲ್ಲಿ ನೀರು ಮೊಗೆದು ಕಾದ ಕಲ್ಲಿನ ಮೇಲೆ ಎರಚಿದಳು. ಹಬೆ ಬುಸ್ಸೆಂದು ಎದ್ದು ಇಬ್ಬರನ್ನೂ ಮುಚ್ಚಿತು. ತನ್ನ ಜಾಗಕ್ಕೆ ಬರುವ ಮರಿತ್ತಾಳ ತೋಳು ಗಟ್ಟಿ, ಗಾಡಿ ಅವಳು ಎಳೆದಾಳು. ಮೆತ್ತನೆ ಕುರ್ಚಿಗೆ ಆಸೆಪಟ್ಟಳೆಂದು ಸೈಮಿ ಬೈದುಕೊಂಡಾಳು, ಬೈದುಕೊಳ್ಳಲಿ. ಸೋಮವಾರ ಹೊಲಿಗೆ ಕೋಣೆಗೆ ಹೋಗುವುದೆಂದು ಐಲಾ ಆ ಹಬೆಯೊಳಗೇ ನಿಶ್ಚಯಿಸಿಕೊಂಡಳು.

“ಉಸಿರು ಕಟ್ಟಿಸ್ತೀಯೇನೇ!” ಸೈಮಿ ನಗುತ್ತ ಬಾಗಿಲು ತೆರೆದು ಹೊರಗೋಡಿದಳು.

ಕೆರೆಯ ಮೆಟ್ಟಿಲ ಬಳಿ, ಪ್ರತಿವರ್ಷದಂತೆ, ಅವಳು ತಿರುಗಿ ಐಲಾಳನ್ನು ಹಿಡಿದಿಳಿಸಲು ಕೈ ಚಾಚಿ ನಿಂತಳು. ಐಲಾ ಪಕ್ಕದ ತಣ್ಣನೆ ಕಂಬಿಯನ್ನು ಹಿಡಿದು, ಒಂದೊಂದೇ ಮೆಟ್ಟಿಲು, ತಾನಾಗಿ ನೀರಿಗಿಳಿದಳು.